ಸಿಜೆ3ಬಿ ಜೀಪಿನ ಪೆಟ್ರೋಲ್ ಎಂಜಿನ್: ಬೋರ್ ಮುಗಿದು ಹೆಡ್ ಕೂತಿದೆ

ಕಾಸರಗೋಡಿನ ಗುಡ್ಡದ ಕಡೆ ಹಳೆಯ ಮಹೀಂದ್ರಾ ಜೀಪುಗಳು ಇನ್ನೂ ಓಡುತ್ತಿವೆ, ಆದರೆ ಹೆಚ್ಚಿನವಕ್ಕೆ ಯಾವತ್ತೋ ಡೀಸೆಲ್ ಎಂಜಿನ್ ಕೂರಿಸಿಯಾಗಿದೆ. ಆಗ ಇಳಿಸಿಟ್ಟ ಪೆಟ್ರೋಲ್ ಎಂಜಿನ್ ತೋಟದ ಶೆಡ್ಡಿನ ಮೂಲೆಯಲ್ಲಿ ಸಿಗುತ್ತದೆ. ಬದಿಯಡ್ಕದಲ್ಲಿ ಈಗ ಬಿಚ್ಚಿರುವುದು ಅಂಥದ್ದೇ ಒಂದು, ನಾಲ್ಕು ಸಿಲಿಂಡರಿನ 2199 ಸಿಸಿ ಹರಿಕೇನ್. ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಹಾಗಾಗಿಯೇ ಎಂಜಿನ್ ಎತ್ತರ, ಸಿಜೆ3ಬಿಯ ಬಾನೆಟ್ಟೂ ಎತ್ತರ. ಹೆಡ್ ಒಂದನ್ನೇ ಬಿಚ್ಚಿ ವಾಲ್ವ್ ಕೆಲಸ ಆಯಿತೆಂದರೆ ಅರ್ಧವೂ ಆಗಿರುವುದಿಲ್ಲ. ಸುಟ್ಟುಹೋಗುವ ವಾಲ್ವ್ ಕೆಳಗೇ ಇರುತ್ತದೆ.

ಹೆಡ್ ಬಿಚ್ಚುವಾಗ ಒಂದು ಬೋಲ್ಟ್ ಕಣ್ಣಿಗೆ ಬೀಳುವುದಿಲ್ಲ. ಅದು ಕಾರ್ಬುರೇಟರ್ ಅಡಿಯಲ್ಲಿ, ಗಾಳಿ ಹೋಗುವ ದಾರಿಯ ಒಳಗಿದೆ. ಮೊದಲು ಕಾರ್ಬುರೇಟರ್ ತೆಗೆದು ಆ ಬೋಲ್ಟ್ ಸಡಿಲಿಸಬೇಕು. ಗೊತ್ತಿಲ್ಲದವರು ಹೆಡ್ ತುಕ್ಕಿನಿಂದ ಕಚ್ಚಿಕೊಂಡಿದೆ ಎಂದು ಭಾವಿಸಿ ಸಂದಿಗೆ ಉಳಿ ಹಾಕಿ ಮೀಟುತ್ತಾರೆ. ಬೀಡು ಕಬ್ಬಿಣ, ಸೀಳಿಯೇ ಬಿಡುತ್ತದೆ.

ಬೋರ್

ಬೋರ್ ಅಂದರೆ ಸಿಲಿಂಡರಿನ ಒಳವ್ಯಾಸ. ಕಂಪನಿಯ ಅಳತೆ 3.125 ಅಂಗುಲ. ಸವೆತ ಹೆಚ್ಚಿರುವುದು ಮೇಲಿನ ರಿಂಗ್ ತಿರುಗಿ ನಿಲ್ಲುವ ಜಾಗದಲ್ಲಿ, ಆದ್ದರಿಂದ ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಉದ್ದಕ್ಕೆ ಮತ್ತು ಅಡ್ಡಕ್ಕೆ ಹಿಡಿದು ಬರೆದುಕೊಂಡೆವು. ಮೂರನೆಯ ಸಿಲಿಂಡರ್ 9 ಥೌ ಸವೆದಿತ್ತು (ಥೌ ಅಂದರೆ ಅಂಗುಲದ ಸಾವಿರದಲ್ಲಿ ಒಂದು ಪಾಲು). 5 ಥೌ ದಾಟಿದರೆ ಹೊಸ ರಿಂಗ್ ಹಾಕಿ ಪ್ರಯೋಜನವಿಲ್ಲ, ಎಣ್ಣೆ ಕುಡಿಯುತ್ತದೆ. 10 ಥೌ ಓವರ್‌ಸೈಜಿಗೆ (ಕೊರೆದು ಅಷ್ಟು ದೊಡ್ಡದು ಮಾಡಿದ ಅಳತೆಗೆ) ಹೋದರೆ ಗೋಡೆ ಪೂರ್ತಿ ಸ್ವಚ್ಛವಾಗುವ ಭರವಸೆ ಇಲ್ಲ. ಹಾಗಾಗಿ 20 ಥೌ.

ಪಿಸ್ಟನ್ ಮೊದಲು ಕೊಂಡು, ಅವನ್ನೇ ಬ್ಲಾಕಿನ ಜೊತೆ ಮಂಗಳೂರಿನ ಲೇತಿಗೆ ಕೊಟ್ಟದ್ದು. ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ಬೋರ್ ಹೊಡೆಸಬಾರದು. ನಾಲ್ಕು ಪಿಸ್ಟನ್ನಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಪಿಸ್ಟನ್ ಮತ್ತು ಗೋಡೆಯ ನಡುವೆ 3 ಥೌ ಫೀಲರ್ (ಸಂದು ಅಳೆಯುವ ತೆಳು ತಗಡು) ಸ್ವಲ್ಪ ಬಿಗಿಯಾಗಿ ಎಳೆದು ಬರಬೇಕು. ರಿಂಗ್ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, 10ರಿಂದ 12 ಥೌ. ಕಡಿಮೆಯಾದರೆ ಬಿಸಿಗೆ ತುದಿಗಳು ತಾಗಿ ರಿಂಗ್ ಮುರಿಯುತ್ತದೆ.

ಹೋನಿಂಗ್ (ಬೋರಿನ ಗೋಡೆಗೆ ಸಾಣೆ ಹಿಡಿಯುವುದು) ಆದ ಬ್ಲಾಕನ್ನು ಪೆಟ್ರೋಲಿನಲ್ಲಿ ತೊಳೆದರೆ ಸಾಣೆಯ ಪುಡಿ ಗೀರುಗಳಲ್ಲೇ ಉಳಿಯುತ್ತದೆ. ಬಿಸಿನೀರು, ಸೋಪು, ಬ್ರಷ್ಷು. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಬರದಿರುವ ತನಕ. ಒರೆಸಿದ ಕೂಡಲೇ ಎಣ್ಣೆ ಸವರಬೇಕು, ನಾಳೆಗೆ ಬಿಡಬಾರದು. ನಮ್ಮ ಮಳೆಗಾಲದಲ್ಲಿ ಬರಿಯ ಬೀಡು ಕಬ್ಬಿಣ ಬೆಳಗಾಗುವಷ್ಟರಲ್ಲಿ ಕೆಂಪಾಗುತ್ತದೆ.

ಕ್ರ್ಯಾಂಕ್ ದುಂಡಗೇ ಇತ್ತು. ಮೂರು ಮೇನ್ ಬೇರಿಂಗ್ ಹೊಸತು, ಹಿಂದು ಮುಂದಿನ ಆಟ 5 ಥೌ. 4ರಿಂದ 6ರ ಒಳಗೆ ಇದ್ದರೆ ಸರಿ, ಇಲ್ಲವಾದರೆ ಮುಂದಿನ ಗೇರಿನ ಹಿಂದಿರುವ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಬೇಕು.

ಎಕ್ಸಾಸ್ಟ್ ವಾಲ್ವ್

ಅತಿ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ. ಬದಿಯ ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ, ಎಣ್ಣೆ ಇಳಿಯುವ ತೂತುಗಳಿಗೆ ಬಟ್ಟೆ ತುರುಕುವುದು. ಸ್ಪ್ರಿಂಗ್ ಒತ್ತಿದಾಗ ಚಿಮ್ಮುವ ಲಾಕ್ (ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ಚಿಕ್ಕ ತುಂಡು) ಆ ತೂತಿನಿಂದ ಅಡಿಯ ಎಣ್ಣೆ ತೊಟ್ಟಿಗೆ ಹೋಗುತ್ತದೆ.

ವಾಲ್ವ್ ಗ್ರೈಂಡ್ ಮಾಡುವ ಮೊದಲು ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ) ನೋಡಿ. ಗೈಡ್ ಸಡಿಲವಿದ್ದರೆ ವಾಲ್ವ್ ಓಲಾಡುತ್ತಾ ತಾನು ಕೂರುವ ಸೀಟನ್ನು ಮೊಟ್ಟೆಯಾಕಾರ ಮಾಡುತ್ತದೆ, ಆಮೇಲೆ ಎಷ್ಟು ಪೇಸ್ಟ್ ಉಜ್ಜಿದರೂ ವ್ಯರ್ಥ. ಇದರಲ್ಲಿ ನಾಲ್ಕೂ ಗೈಡ್ ಬದಲಿಸಿದ್ದೇವೆ. 45 ಡಿಗ್ರಿ ಸೀಟಿನಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ, ಎಲ್ಲೂ ತುಂಡಾಗದ ಬೂದು ಬಳೆ ಕಾಣಬೇಕು. ನಂತರ ವಾಲ್ವಿನ ತಲೆಯ ಮೇಲೆ ಸ್ವಲ್ಪ ಪೆಟ್ರೋಲ್ ಹೊಯ್ದು ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಸೋರುವುದು ಗೊತ್ತಾಗುತ್ತದೆ.

ಟ್ಯಾಪೆಟ್ ಸಂದು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಅಂತರ), ಎಂಜಿನ್ ತಣ್ಣಗಿರುವಾಗ: ಎಕ್ಸಾಸ್ಟ್ 16 ಥೌ, ಇನ್‌ಟೇಕ್ 18. ಫೈರಿಂಗ್ ಕ್ರಮ 1-3-4-2, ಆದ್ದರಿಂದ ನಾಲ್ಕನೆಯ ಸಿಲಿಂಡರಿನ ಎರಡೂ ವಾಲ್ವ್ ಒಟ್ಟಿಗೆ ಅಲುಗುವಾಗ ಒಂದನೆಯದನ್ನು, ಎರಡನೆಯದರವು ಅಲುಗುವಾಗ ಮೂರನೆಯದನ್ನು ಹೊಂದಿಸಬೇಕು. ಟಕಟಕ ಶಬ್ದ ಬೇಡವೆಂದು ಎಕ್ಸಾಸ್ಟನ್ನು ಬಿಗಿ ಮಾಡಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ವಾಲ್ವಿನ ಬಿಸಿ ಇಳಿಯುವುದೇ ಹೆಚ್ಚಾಗಿ ಸೀಟಿಗೆ ತಾಗಿಕೊಂಡಿರುವಾಗ. ಪೂರ್ತಿ ಕೂರದ ವಾಲ್ವಿನ ಅಂಚು ಸುಟ್ಟುಹೋಗುತ್ತದೆ.

ಹೆಡ್ ಬೋಲ್ಟ್ ನಡುವಿನಿಂದ ಹೊರಕ್ಕೆ, 25, 45, ಕೊನೆಗೆ 65 ಪೌಂಡ್-ಅಡಿ. ಕಾರ್ಬುರೇಟರ್ ಅಡಿಯ ಬೋಲ್ಟಿಗೂ ಅಷ್ಟೇ. ಎಂಜಿನ್ ಒಮ್ಮೆ ಬಿಸಿಯಾಗಿ ತಣಿದ ಮೇಲೆ ಪುನಃ ಬಿಗಿ ನೋಡಬೇಕು, ಆಗಲೂ ಕಾರ್ಬುರೇಟರ್ ಇಳಿಸಲೇಬೇಕು; ಅದರ ಗ್ಯಾಸ್ಕೆಟ್ ಎರಡು ಕೊಂಡಿಡಿ.

ಬಾಕಿ

ಪೆಟ್ರೋಲ್ ಪಂಪಿನ ಡಯಾಫ್ರಾಂ ಬಂದಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ 20 ಶೇಕಡಾ ಇರುವುದರಿಂದ ಹಳೆಯ ರಬ್ಬರ್ ಉಬ್ಬಿ ಬಿರಿಯುತ್ತದೆ. ಡಯಾಫ್ರಾಂ, ಪೈಪು ಎರಡೂ ಎಥನಾಲ್ ತಡೆಯುವ ರಬ್ಬರಿನದ್ದೇ ಬೇಕು. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಕರಾವಳಿಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ತುಂಬಿ ತಿಂಗಳುಗಟ್ಟಲೆ ನಿಲ್ಲಿಸಿದರೆ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಏಳುತ್ತದೆ. ಆದ್ದರಿಂದ ಟ್ಯಾಂಕ್ ಕೂರಿಸುವುದು ಕೊನೆಗೆ. ಅಷ್ಟರೊಳಗೆ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು 20 ಥೌ, ಪ್ಲಗ್ ಸಂದು 30 ಥೌ, ಕಿಡಿಯ ಟೈಮಿಂಗ್ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕಿಂತ 5 ಡಿಗ್ರಿ ಮೊದಲು ಇಟ್ಟು, ಪ್ಲಗ್ ಇಲ್ಲದೆ ಸ್ಟಾರ್ಟರಿನಲ್ಲಿ ತಿರುಗಿಸಿ ಎಣ್ಣೆಯ ಒತ್ತಡ ಗೇಜಿನಲ್ಲಿ ಏಳುವುದನ್ನು ನೋಡಬೇಕಿದೆ.