ಹತ್ತಿ ಕಟಗಿ ಸುಡೋ ಬದ್ಲಿ ರಸ್ತೆಗೆ ಹಾಕಿದ್ರ?

ಹೋದ ವಾರ ನವಲಗುಂದ ಕಡೆ ಕಾಕಾರ ಹೊಲಕ್ಕ ಹೋಗಿದ್ದೆ. ಬದುವಿನ ಮ್ಯಾಲ ಹತ್ತಿ ಕಟಗಿ ಒಟ್ಟಿ ಬೆಂಕಿ ಹಚ್ಚಿದ್ರು, ಆ ಹೊಗಿ ದಾಟಿ ರಸ್ತೆಗೆ ಬಂದ್ರ ಮೊನ್ನೆ ಮೊನ್ನೆ ಹಾಕಿದ ಡಾಂಬರು ಅಂಚಿಗುಂಟ ಬಿರುಕು ಬಿಟ್ಟೈತಿ, ಬೈಕ್ ನಿಲ್ಸಿ ಕೈ ಹಾಕಿ ನೋಡಿದೆ, ನಾಲ್ಕೂ ಬೆರಳು ಒಳಗ ಹೋದ್ವು. ಉಗುರಿಲೆ ಕೆರೆದ್ರ ಡಾಂಬರು ಪುಡಿ ಪುಡಿ ಆಗಿ ಬಿತ್ತು, ಅಂಟು ಅನ್ನೋದ ಉಳಿದಿರ್ಲಿಲ್ಲ.

ಅಂಟು ಇದ್ದದ್ದು ಆ ಬೆಂಕಿಯೊಳಗ. ಕಟಗಿ ತೂಕದಾಗ ಸುಮಾರು ಕಾಲು ಭಾಗ ಲಿಗ್ನಿನ್ ಇರತೈತಿ, ನಾರಿಗೆ ನಾರು ಹಿಡ್ಸಿ ಗಿಡ ನೆಟ್ಟಗ ನಿಲ್ಲಸೋದು ಅದ. ಅದನ್ನ ಬ್ಯಾರೆ ಮಾಡಿ ಸ್ವಲ್ಪ ಡಾಂಬರಿನ ಬದ್ಲಿ ಕೂಡ್ಸಬಹುದು, ಬಿಸಲಾಗ ಡಾಂಬರು ಗಟ್ಟಿ ನಿಲ್ಲತೈತಿ, ಗೋವಿನಜೋಳದ ಲೋಡ್ ಲಾರಿ ಓಡಾಡೋ ಕಡೆ ಗಾಲಿಗುಂಟ ತಗ್ಗು ಬೀಳೋದು ಕಡಿಮಿ ಆಗತೈತಿ. ಅತಿ ಹಾಕಿದ್ರ ಮಾತ್ರ ಬಿರುಸಾಗಿ ಮತ್ತ ಒಡಿತೈತಿ. ನಾಗಪುರ-ಮನ್ಸರ್ ಬೈಪಾಸಿನ್ಯಾಗ, ಎನ್‌ಎಚ್ 44ರ ಮ್ಯಾಲ, ಇಂಥಾ ಲಿಗ್ನಿನ್ ಬೆರೆಸಿದ 1 ಕಿಲೋಮೀಟರ್ ರಸ್ತೆನ 2024ರ ಡಿಸೆಂಬರ್ 21ಕ್ಕ ನಿತಿನ್ ಗಡ್ಕರಿಯವ್ರು ಉದ್ಘಾಟನೆ ಮಾಡಿದ್ರು. ನಮ್ಮ ದೇಶಕ್ಕ ಬೇಕಾಗೋ ಡಾಂಬರಿನ್ಯಾಗ ಅರ್ಧದ ಹತ್ರ ಹೊರಗಿಂದ ಬರತೈತಿ ಅನ್ನೋದು ನೆನಪಿಟ್ಕೊಂಡು ಓದ್ರಿ ಇದನ್ನ.

ಕಾಗದದ ಕಾರ್ಖಾನಿಯೊಳಗೂ ಲಿಗ್ನಿನ್ ಬರತೈತಿ, ಕಟ್ಟಿಗಿ ಬೇಯಿಸಿದ ಕರೀ ದ್ರಾವಣದಾಗ, ಆದ್ರ ಅದನ್ನ ಅವ್ರು ಬಾಯ್ಲರಿಗೆ ಹಾಕಿ ಕರೆಂಟ್ ಮಾಡ್ಕೋತಾರ, ಕಸ ಅಂತ ಕೊಟ್ಟುಬಿಡಾಂಗಿಲ್ಲ. ಅದಕ್ಕ ನನಗ ಹೊಲದ ಕಟಗಿ ಮ್ಯಾಲ ಆಸೆ ಜಾಸ್ತಿ.

ಮ್ಯಾಲಿನ ಡಾಂಬರೊಂದ ಸುಧಾರಿಸಿದ್ರ ನಮ್ಮ ಕಡೆ ಸಾಲೂದಿಲ್ಲ. ಕೆಳಗ ಯರಿ ಮಣ್ಣು ಐತಿ, ಮಳಿಗಾಲದಾಗ ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಕುಗ್ಗಿ ಬಾಯಿ ಬಿಡತೈತಿ, ಮ್ಯಾಲ ಏನ ಹಾಕಿದ್ರೂ ಅದರ ಕೂಡನ ಸೀಳತೈತಿ. ಸಕ್ಕರಿ ಕಾರ್ಖಾನಿಯೊಳಗ ಕಬ್ಬಿನ ಸಿಪ್ಪಿ ಸುಟ್ಟು ಉಳಿಯೋ ಬೂದಿಯೊಳಗ ಸಿಲಿಕಾ, ಅಂದ್ರ ಉಸುಕಿನೊಳಗಿರೋ ಅಂಶ, ಭಾಳ, ಸುಣ್ಣದ ಜೋಡಿ ಅದನ್ನ ಯರಿ ಮಣ್ಣಿಗೆ ಕಲಸಿ ನೀರು ಹಾಕಿ ರೋಲರ್ ಹೊಡದ್ರ ಮಣ್ಣು ಉಬ್ಬೋದು ಕಡಿಮಿ ಆಗಿ ತಳ ಗಟ್ಟಿಯಾಗತೈತಿ. ನನ್ನ ಕೇಳಿದ್ರ ಮೊದಲು ಇದು ಆಗಬೇಕು, ಲಿಗ್ನಿನ್ ಆಮ್ಯಾಲ.

ಕಾಕಾಗ ಇದನ್ನೆಲ್ಲಾ ಹೇಳಿದೆ. ಅವ್ರು ಬೆಂಕಿ ಕೆದರಕೊಂತ, "ಸುಡದ ಏನ್ ಮಾಡ್ಲೆಪಾ, ಮುಂದಿನ ಬಿತ್ತಗಿಗೆ ಹೊಲ ಹಸನಾಗಬೇಕಲ್ಲ, ಟ್ರ್ಯಾಕ್ಟರ್ ತುಂಬ ಒಟ್ಟಿದ್ರೂ ತೂಕ ಬರಾಂಗಿಲ್ಲ, ಬಾಡಿಗಿ ಯಾರ್ ಕೊಡಬೇಕು" ಅಂದ್ರು. ಖರೇನ ಐತಿ. ಕಟಗಿ ಚೂರು ಮಾಡೋ ಮಷೀನ್ ಬದುವಿಗೇ ಬಂದು, ಅಲ್ಲೇ ತೂಗಿ ಅಲ್ಲೇ ರೊಕ್ಕ ಕೊಟ್ರ ಕಾಕಾ ಕಡ್ಡಿ ಗೀರೂದಿಲ್ಲ.