ಕೊನೆಯ ಡಬ್ಬಿ

2024 ನವೆಂಬರ್ 17, ಭಾನುವಾರ, ರಾತ್ರಿ

ಪುಟ್ಟಿ ಅತ್ತು ಮಲಗಿದ್ದಾಳೆ. ಬಿದ್ದು ಪೆಟ್ಟು ಮಾಡಿಕೊಂಡದ್ದಲ್ಲ. ನಾನು ಮನೆಯಲ್ಲಿ ಕಟ್ಟಿದ ಆಟಿಕೆ ರೈಲು ಡಿಕ್ಕಿ ಹೊಡೆಯಿತು, ಅದಕ್ಕೆ.

ಮಧ್ಯಾಹ್ನವೆಲ್ಲ ಚೆನ್ನಾಗಿ ಓಡಿತ್ತು. ಒಂದೇ ಸುತ್ತಿನ ಹಳಿ, ಅದರಲ್ಲಿ ಮೂರು ಬ್ಲಾಕ್, ಅಂದರೆ ಒಂದು ಸಲಕ್ಕೆ ಒಂದೇ ರೈಲು ಇರಬೇಕಾದ ತುಂಡು, ಎರಡು ರೈಲು, ಯಾರೂ ಕೈ ಹಾಕುವ ಹಾಗಿಲ್ಲ. ಆರು ವಾರದಿಂದ ಇದೊಂದನ್ನೇ ಕಾಯುತ್ತಿದ್ದೆ. ಮುಂದಿನ ಬ್ಲಾಕಿನಲ್ಲಿ ರೈಲಿದ್ದರೆ ಹಿಂದಿನದು ತಾನೇ ನಿಲ್ಲಬೇಕು, ಅದು ಖಾಲಿಯಾದರೆ ತಾನೇ ಹೊರಡಬೇಕು. ಪ್ರತಿ ಬ್ಲಾಕ್ ಶುರುವಾಗುವ ಕಡೆ ಸ್ಲೀಪರ್‌ಗಳ ನಡುವೆ ಒಂದೊಂದು ಇನ್‌ಫ್ರಾರೆಡ್ ಸೆನ್ಸರ್ ಹೂತಿದ್ದೇನೆ. ಅದು ಕಣ್ಣಿಗೆ ಕಾಣದ ಬೆಳಕನ್ನು ಮೇಲಕ್ಕೆ ಬಿಡುತ್ತದೆ, ಡಬ್ಬಿಯ ಹೊಟ್ಟೆಗೆ ತಗುಲಿ ಬೆಳಕು ವಾಪಸ್ ಬಂದರೆ ರೈಲು ಬಂತು ಅಂತ ಆರ್ಡುಯಿನೊಗೆ, ಅಂದರೆ ನಾನು ಪ್ರೋಗ್ರಾಮ್ ಬರೆದು ಹಾಕಿರುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ, ಹೇಳುತ್ತದೆ. ಆರ್ಡುಯಿನೊ ರಿಲೇಗೆ, ಅಂದರೆ ಕರೆಂಟಿನಿಂದ ತಾನೇ ಆಡುವ ಸ್ವಿಚ್ಚಿಗೆ, ಹೇಳಿ ಹಿಂದಿನ ತುಂಡು ಹಳಿಯ ಕರೆಂಟ್ ತೆಗೆಯುತ್ತದೆ. ಹೇಳೋಕೆ ಇಷ್ಟೇ.

ಮಾಡುವಾಗ ಎಷ್ಟು ಕಾಡಿತು ಅಂತ ಹಿಂದೆಯೇ ಬರೆದಿದ್ದೇನೆ. ಕಪ್ಪು ಬಣ್ಣದ ಹೊಟ್ಟೆಯಿಂದ ಬೆಳಕು ವಾಪಸ್ಸೇ ಬರುತ್ತಿರಲಿಲ್ಲ, ಬಿಳಿ ಕಾಗದದ ಪಟ್ಟಿ ಅಂಟಿಸಬೇಕಾಯಿತು. ನಾಲ್ಕು ಗಂಟೆಗೆ ಕಿಟಕಿಯಿಂದ ಬಿಸಿಲು ಬಿದ್ದರೆ ಇಲ್ಲದ ರೈಲು ಬಂತು ಅನ್ನುತ್ತಿತ್ತು, ಪರದೆ ಎಳೆಯಬೇಕಾಯಿತು. ಜಾಸ್ತಿ ಕಾಡಿದ್ದು ಡಬ್ಬಿ ಡಬ್ಬಿ ನಡುವಿನ ಸಂದು. ಅಲ್ಲಿ ಸೆನ್ಸರಿಗೆ ಏನೂ ಕಾಣುವುದಿಲ್ಲ. ರೈಲು ಹೋಯಿತು, ಬಂತು, ಹೋಯಿತು, ಬಂತು ಅಂತ ಒಂದೇ ರೈಲಿಗೆ ನಾಲ್ಕು ಸಲ ಹೇಳುತ್ತಿತ್ತು. ಅದಕ್ಕೆ ಎರಡು ಸೆಕೆಂಡ್ ಪೂರ್ತಿ ಏನೂ ಕಾಣದಿದ್ದರೆ ಮಾತ್ರ ರೈಲು ದಾಟಿತು, ಹಿಂದಿನ ಬ್ಲಾಕ್ ಖಾಲಿ ಅಂತ ಪ್ರೋಗ್ರಾಮಿನಲ್ಲಿ ಬರೆದೆ. ಬರೆದ ದಿನ ಎಷ್ಟು ಖುಷಿಯಾಗಿತ್ತು.

ಇವತ್ತು ಸುರಂಗದ ಆಚೆಯ ತಿರುವಿನಲ್ಲಿ ಹಸಿರು ರೈಲಿನ ಕೊನೆಯ ಡಬ್ಬಿಯ ಕೊಂಡಿ ಕಳಚಿಕೊಂಡಿತು. ಡಬ್ಬಿ ಅಲ್ಲೇ ನಿಂತಿತು. ಎಂಜಿನ್ ಮತ್ತು ಉಳಿದ ಎರಡು ಡಬ್ಬಿ ಮುಂದಿನ ಸೆನ್ಸರ್ ದಾಟಿದವು, ಎರಡು ಸೆಕೆಂಡ್ ಕಳೆಯಿತು, ಬೋರ್ಡಿನ ಮೇಲೆ ಹಸಿರು ದೀಪ ಬಂತು. ನಾನು ಆ ದೀಪ ನೋಡುತ್ತಿದ್ದೆ, ಹಳಿ ನೋಡುತ್ತಿರಲಿಲ್ಲ. ಹಿಂದೆ ಕಾಯುತ್ತಿದ್ದ ನೀಲಿ ರೈಲು ಹೊರಟಿತು.

ಪುಟ್ಟಿ ಕೂಗಿದಳು, "ಅಪ್ಪಾ, ಡಬ್ಬಿ ಅಲ್ಲೇ ಇದೆ!" ನಾನು ಸ್ವಿಚ್ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ದೊಡ್ಡ ನಷ್ಟವೇನೂ ಇಲ್ಲ. ಒಂದು ಕೊಂಡಿ ಮುರಿದಿದೆ, ಡಬ್ಬಿ ಮಗುಚಿದೆ. ಆದರೆ ಅದರೊಳಗೆ ಅವಳು ಬೆಳಿಗ್ಗೆಯಿಂದ ಕೂತು ಜನರನ್ನು ಕೂರಿಸಿದ್ದಳು. 1:87 ಅಳತೆಯ, ಅಂದರೆ ನಿಜದ 87ರಲ್ಲಿ ಒಂದು ಪಾಲಿನ ಗೊಂಬೆ ಜನ, ಎರಡು ಸೆಂಟಿಮೀಟರ್ ಎತ್ತರ ಇದ್ದರೆ ಹೆಚ್ಚು. ಒಬ್ಬೊಬ್ಬರಿಗೂ ಹೆಸರಿಟ್ಟಿದ್ದಳು. "ನಂಗೆ ಕಾಣಿಸ್ತಿತ್ತು, ನಿನ್ನ ಸೆನ್ಸರಿಗೆ ಯಾಕೆ ಕಾಣಿಸ್ಲಿಲ್ಲ?" ಅಂದಳು. ಏನು ಹೇಳಬೇಕು ಅಂತ ತಿಳಿಯಲಿಲ್ಲ.

ರಾತ್ರಿ ಮಾವನಿಗೆ ಫೋನ್ ಮಾಡಿದೆ. ಮಾವ ಬದುಕಿಡೀ ರೈಲ್ವೆ ಸಿಗ್ನಲ್ ಕೆಲಸ ಮಾಡಿದವರು, ನಿಮಗೆ ಗೊತ್ತಲ್ಲ. ಆಟಿಕೆ ಅಂತ ನಗಲಿಲ್ಲ. ಅಪಘಾತದ ವಿಚಾರಣೆಗೆ ಕೂತವರ ಹಾಗೆ ಒಂದೊಂದೇ ಕೇಳಿದರು.

"ಬ್ಲಾಕ್ ಖಾಲಿ ಅಂತ ಯಾರು ಹೇಳಿದ್ದು?"

"ಸೆನ್ಸರ್ ಹೇಳಿತು ಮಾವ."

"ಸೆನ್ಸರ್ ಏನು ನೋಡಿತು? ನೋಡಿದ್ದಷ್ಟೇ ಹೇಳು."

ಸ್ವಲ್ಪ ಯೋಚಿಸಿದೆ. "ರೈಲು ಬಂದಿದ್ದು ನೋಡಿತು. ಆಮೇಲೆ ಎರಡು ಸೆಕೆಂಡ್ ಏನೂ ಕಾಣಲಿಲ್ಲ."

"ಅದರಲ್ಲಿ ಖಾಲಿ ಅನ್ನೋ ಮಾತು ಎಲ್ಲಿ ಬಂತು?"

ಎಲ್ಲಿಯೂ ಬರಲಿಲ್ಲ. ಆ ಮಾತು ಸೇರಿಸಿದವನು ನಾನು.

ಮಾವ ಹೇಳಿದರು, ರೈಲಿನ ಕೊನೆಯ ಡಬ್ಬಿಗೆ ಕೆಂಪು ದೀಪ ಕಟ್ಟುವುದೇ ಇದಕ್ಕೆ ಅಂತ. ರೈಲು ದಾಟುವಾಗ ಸ್ಟೇಷನ್ನಿನವರು ಆ ದೀಪ ಕಂಡರೆ ಮಾತ್ರ ಪೂರ್ತಿ ರೈಲು ಬಂತು ಅಂತ ಲೆಕ್ಕ. ದೀಪ ಕಾಣದಿದ್ದರೆ ಹಿಂದೆ ಏನೋ ಉಳಿದಿರಬಹುದು, ಇನ್ನೊಂದು ರೈಲು ಬಿಡುವಂತಿಲ್ಲ. ಆಮೇಲೆ ಟ್ರ್ಯಾಕ್ ಸರ್ಕ್ಯೂಟ್ ಬಗ್ಗೆ, ಹಳಿಯಲ್ಲೇ ಕರೆಂಟ್ ಹರಿಸಿ ರೈಲಿದೆಯಾ ಅಂತ ತಿಳಿಯುವ ಏರ್ಪಾಡಿನ ಬಗ್ಗೆ, ಹೇಳಿದರು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಪೇಟೆಂಟ್ ಪಡೆದದ್ದು. ಹಳಿಯ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ. ಹಳಿಯಲ್ಲಿ ಹರಿಯುವ ಕರೆಂಟೇ ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ಒಂದೇ ಒಂದು ಡಬ್ಬಿ ನಿಂತರೂ ಅದರ ಚಕ್ರ ಎರಡು ಹಳಿಯನ್ನೂ ಸೇರಿಸಿಬಿಡುತ್ತದೆ, ಕರೆಂಟ್ ರಿಲೇವರೆಗೆ ಹೋಗುವುದಿಲ್ಲ, ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪು.

"ತಂತಿ ಕಡಿದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು," ಅಂದರು ಮಾವ. "ಗೊತ್ತಿಲ್ಲ ಅಂದ್ರೆ ಕೆಂಪು ಕಣೋ. ನಿಂದು ತಂತಿ ಕಿತ್ತರೆ ಏನಾಗುತ್ತೆ?"

ಹೋದ ವಾರ ಮೂರನೆಯ ಸೆನ್ಸರಿನ ತಂತಿ ಕಿತ್ತಿತ್ತು. ಆಗ ಬೆಸುಗೆ ಹಾಕಿ ಸುಮ್ನಾಗಿದ್ದೆ. ನನ್ನ ಸೆನ್ಸರ್ ರೈಲು ಕಂಡಾಗ ಲೋ (ಕಡಿಮೆ ವೋಲ್ಟೇಜ್) ಕೊಡುತ್ತದೆ, ಕಾಣದಿದ್ದರೆ ಹೈ (ಹೆಚ್ಚು ವೋಲ್ಟೇಜ್). ತಂತಿ ಸೇರುವ ಆರ್ಡುಯಿನೊ ಪಿನ್ ಒಳಗಿನಿಂದಲೇ ಪುಲ್‌ಅಪ್ ಆಗಿದೆ, ಯಾರೂ ಏನೂ ಹೇಳದಿದ್ದರೆ ತಾನೇ ಹೈ ಆಗಿರುತ್ತದೆ. ಅಂದರೆ ತಂತಿ ಕಿತ್ತರೂ ಹೈ. ಸತ್ತ ಸೆನ್ಸರ್ ಮತ್ತು ಖಾಲಿ ಹಳಿ, ಎರಡೂ ನನ್ನ ಪ್ರೋಗ್ರಾಮಿಗೆ ಒಂದೇ. ಇದನ್ನು ಮಾವನಿಗೆ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಪುಟ್ಟಿ ಊಟ ಮಾಡಿದಳಾ?" ಅಂತ ಕೇಳಿದರು.

ಈಗ ಹನ್ನೊಂದೂವರೆ. ಬೋರ್ಡಿನ ಮುಂದೆಯೇ ಕೂತಿದ್ದೇನೆ.

ಮಾವ ಹೇಳಿದ ಟ್ರ್ಯಾಕ್ ಸರ್ಕ್ಯೂಟನ್ನು ಹಾಗೇ ತರಲು ಆಗುವುದಿಲ್ಲ. ನನ್ನ ಹಳಿಯಲ್ಲಿ ಆಗಲೇ ಮೋಟಾರಿನ ಕರೆಂಟ್ ಇದೆ. ಡಬ್ಬಿಗಳ ಚಕ್ರ ಪ್ಲಾಸ್ಟಿಕ್. ಲೋಹದ ಚಕ್ರ ಹಾಕಿ, ಒಂದೊಂದು ಅಚ್ಚಿಗೆ 10 ಕಿಲೋಓಮ್ ರೆಸಿಸ್ಟರ್ ಅಂಟಿಸಿದರೆ ನಿಂತ ಡಬ್ಬಿಯೂ ಚೂರು ಕರೆಂಟ್ ಎಳೆಯುತ್ತದೆ, 12 ವೋಲ್ಟಿಗೆ 1.2 ಮಿಲಿಆಂಪಿಯರ್, ಅಷ್ಟನ್ನು ಪತ್ತೆ ಹಚ್ಚಬಹುದು. ಆದರೆ ನಾನು ರೈಲು ನಿಲ್ಲಿಸುವುದೇ ಕರೆಂಟ್ ತೆಗೆದು. ಕರೆಂಟ್ ಇಲ್ಲದ ಹಳಿಯಲ್ಲಿ ಪತ್ತೆ ಹಚ್ಚಲು ಏನೂ ಉಳಿಯುವುದಿಲ್ಲ. ಡಿಸಿಸಿ, ಅಂದರೆ ಹಳಿಯ ಮೂಲಕವೇ ಒಂದೊಂದು ಎಂಜಿನ್‌ಗೂ ಬೇರೆ ಬೇರೆ ಆದೇಶ ಕಳಿಸುವ ಡಿಜಿಟಲ್ ವ್ಯವಸ್ಥೆ ಇದ್ದರೆ ಹಳಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಆಗ ಸರಿ. ಅದಕ್ಕೆ ಎರಡೂ ಎಂಜಿನ್ ಬಿಚ್ಚಿ ಆ ಆದೇಶ ಓದುವ ಡಿಕೋಡರ್ ಕೂರಿಸಬೇಕು. ನೀಲಿ ಎಂಜಿನ್ ಅಪ್ಪ ಕೊಟ್ಟಿದ್ದು. ಅದನ್ನು ಬಿಚ್ಚಲು ಈಗ ಮನಸ್ಸಿಲ್ಲ.

ಆದರೆ ಕೆಂಪು ದೀಪ ತರಬಹುದು ಅಲ್ವಾ. ಕೊನೆಯ ಡಬ್ಬಿಯ ಹೊಟ್ಟೆಗೆ ಒಂದು ಪುಟ್ಟ ಆಯಸ್ಕಾಂತ. ಬ್ಲಾಕ್ ಮುಗಿಯುವಲ್ಲಿ ಹಳಿಯ ಕೆಳಗೆ ಒಂದು ರೀಡ್ ಸ್ವಿಚ್, ಆಯಸ್ಕಾಂತ ಹತ್ತಿರ ಬಂದರೆ ಮುಚ್ಚಿಕೊಳ್ಳುವಂಥದ್ದು. ಆಯಸ್ಕಾಂತ ದಾಟಿದರೆ ಮಾತ್ರ ಖಾಲಿ. ಡಬ್ಬಿ ಕಳಚಿದರೆ ಆಯಸ್ಕಾಂತ ಬರುವುದಿಲ್ಲ, ಬ್ಲಾಕ್ ಕೆಂಪಾಗಿಯೇ ಉಳಿಯುತ್ತದೆ. ಆಯಸ್ಕಾಂತ ಬಿದ್ದುಹೋದರೂ ಕೆಂಪು, ಸ್ವಿಚ್ಚಿನ ತಂತಿ ಕಿತ್ತರೂ ಕೆಂಪು. ಆ ಸ್ವಿಚ್ ಮುಚ್ಚಿಕೊಳ್ಳುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಆದ್ದರಿಂದ ಪ್ರೋಗ್ರಾಮಿನಲ್ಲಿ ಎಲ್ಲೂ ಡಿಲೇ, ಅಂದರೆ ಸುಮ್ಮನೆ ಕಾಯುವ ಆದೇಶ, ಇರಬಾರದು, ಡಿಲೇ ನಡೆಯುವಾಗ ಆರ್ಡುಯಿನೊ ಪಿನ್ ಕಡೆ ನೋಡುವುದೇ ಇಲ್ಲ. ನನ್ನ ಆರ್ಡುಯಿನೊ ಊನೊ ಬೋರ್ಡಿನಲ್ಲಿ ಇಂಟರಪ್ಟ್ ಪಿನ್, ಅಂದರೆ ಏನಾದರೂ ಬದಲಾದ ಕೂಡಲೇ ಪ್ರೋಗ್ರಾಮನ್ನು ತಡೆದು ಎಚ್ಚರಿಸುವ ಪಿನ್, ಎರಡೇ, 2 ಮತ್ತು 3. ನನಗೆ ಮೂರು ಬೇಕು. ಮತ್ತೆ ಮತ್ತೆ ಓಡುವ ಲೂಪಿನಲ್ಲೇ ಪಿನ್‌ಗಳನ್ನು ಬೇಗ ಬೇಗ ಓದಿಸಬೇಕು.

ಇನ್‌ಫ್ರಾರೆಡ್ ಅನ್ನೂ ಬದಲಿಸುತ್ತೇನೆ. ಹಳಿಯ ಈ ಬದಿ ದೀಪ, ಆ ಬದಿ ಕಣ್ಣು, ನೇರ ಅಡ್ಡ ಅಲ್ಲ, ಓರೆಯಾಗಿ. ಓರೆಯಾದರೆ ಸಂದಿನಲ್ಲೂ ಯಾವುದಾದರೂ ಒಂದು ಡಬ್ಬಿ ಬೆಳಕಿಗೆ ಅಡ್ಡ ಇರುತ್ತದೆ. ಬೆಳಕು ಕಾಣದಿದ್ದರೆ ರೈಲಿದೆ ಅಂತ ಲೆಕ್ಕ, ದೀಪ ಸತ್ತರೂ ಹಾಗೇ. ಎರಡು ಸೆಕೆಂಡಿನ ಸಾಲು ಅಳಿಸಿದೆ, ಇದೀಗ.

ಡಬ್ಬಿಯೊಳಗಿನ ಜನರನ್ನೆಲ್ಲ ಎತ್ತಿ ಮತ್ತೆ ಕೂರಿಸಿದ್ದೇನೆ. ಒಬ್ಬರು ಸಿಗುತ್ತಿಲ್ಲ. ಟಾರ್ಚ್ ಹಿಡಿದು ಹುಡುಕಿದೆ, ಸುರಂಗದೊಳಗೂ ನೋಡಿದೆ. ಬೆಳಿಗ್ಗೆ ಅವಳು ಏಳುವ ಮೊದಲು ಸಿಗಬೇಕು.

ಇನ್ನೊಂದು ಈಗ ಹೊಳೆಯುತ್ತಿದೆ. ಸ್ಟೇಷನ್ನಿನಲ್ಲಿ ಎಂಜಿನ್ ಕಳಚಿ ಆಚೆ ತುದಿಗೆ ಸೇರಿಸಿ ವಾಪಸ್ ಹೊರಡಿಸಿದರೆ, ಆಗ ಕೊನೆಯ ಡಬ್ಬಿ ಮೊದಲನೆಯದಾಗುತ್ತದೆ. ಆಯಸ್ಕಾಂತ ಮೊದಲೇ ದಾಟಿಬಿಡುತ್ತದೆ, ಹಿಂದಿನ ಎರಡು ಡಬ್ಬಿ ಇನ್ನೂ ಬ್ಲಾಕಿನಲ್ಲೇ ಇರುವಾಗ ಹಸಿರು. ಎರಡೂ ತುದಿಗೆ ಒಂದೊಂದು ಇಟ್ಟು ಎರಡು ಸಲ ಎಣಿಸಿದರೆ, ಅಥವಾ