‘ಅಕ್ಕಾ, ಅಲ್ಲಿ 85 ಪರ್ಸೆಂಟ್ ಕೇಳ್ತಾರಂತೆ, ಹೌದಾ?’

ಬೆಂಗಳೂರು, ಮಂಗಳೂರು ಕಡೆ ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಅಮೆರಿಕಕ್ಕೆ ಬರೋ ತಯಾರಿಯಲ್ಲಿರುವ ಮಕ್ಕಳು ವೀಸಾ ಬಿಟ್ಟರೆ ನನ್ನ ಹತ್ತಿರ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಆಸ್ಪತ್ರೆಯಲ್ಲಿ ಫಿಸಿಯೋಗಳ ‘ಪ್ರೊಡಕ್ಟಿವಿಟಿ’ ಅಳೀತಾರಂತೆ, ಅದೇನು, ನಮ್ಮ ಕೈಲಿ ಆಗುತ್ತಾ?

ಲೆಕ್ಕ ಸುಲಭ. 8 ಗಂಟೆ ಡ್ಯೂಟಿ ಅಂದರೆ 480 ನಿಮಿಷ. ಅದರಲ್ಲಿ ಬಿಲ್ ಮಾಡಬಹುದಾದ ಚಿಕಿತ್ಸೆಗೆ ಎಷ್ಟು ಹೋಯಿತು, ಅಷ್ಟೇ. 75 ಪರ್ಸೆಂಟ್ ಅಂದರೆ 360 ನಿಮಿಷ, 15 ನಿಮಿಷಕ್ಕೊಂದರಂತೆ 24 ಯೂನಿಟ್. 85 ಅಂದರೆ 408 ನಿಮಿಷ. ಉಳಿದ 72 ನಿಮಿಷದಲ್ಲಿ ಚಾರ್ಟ್ ಓದಬೇಕು, ನರ್ಸ್ ಹತ್ತಿರ ವಿಚಾರಿಸಬೇಕು, ವಾಕರ್ ಹುಡುಕಬೇಕು, ಲಿಫ್ಟಿಗೆ ಕಾಯಬೇಕು, ನೋಟ್ಸ್ ಬರೆಯಬೇಕು.

ಈ 85, 90ರ ಮಾತು ಹೆಚ್ಚಾಗಿ ನರ್ಸಿಂಗ್ ಹೋಮ್ ಕಡೆಯಿಂದ ಬಂದದ್ದು. ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಸಣ್ಣ ಆಸ್ಪತ್ರೆಯಲ್ಲ, ವಯಸ್ಸಾದವರು ಆಸ್ಪತ್ರೆ ಬಿಟ್ಟ ಮೇಲೆ ಚೇತರಿಸಿಕೊಳ್ಳುವ ಜಾಗ. ಮುಂಚೆ ಅಲ್ಲಿ ಮೆಡಿಕೇರ್, ಅಂದರೆ ಮುಖ್ಯವಾಗಿ ವಯಸ್ಸಾದವರಿಗಿರುವ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಥೆರಪಿಯ ನಿಮಿಷ ಎಣಿಸಿ ದುಡ್ಡು ಕೊಡುತ್ತಿತ್ತು. ಫಿಸಿಯೋ, ಆಕ್ಯುಪೇಷನಲ್, ಸ್ಪೀಚ್ ಎಲ್ಲ ಸೇರಿ ವಾರಕ್ಕೆ 720 ನಿಮಿಷ ಮುಟ್ಟಿದರೆ ಅತಿ ಹೆಚ್ಚಿನ ದರ. ಏನಾಯಿತು ಹೇಳಿ? 720ನ್ನು ಚೂರೇ ಚೂರು ದಾಟಿದ ಪೇಷಂಟುಗಳೇ ಜಾಸ್ತಿಯಾದರು! 2019ರ ಅಕ್ಟೋಬರಿನಲ್ಲಿ ಆ ಪದ್ಧತಿ ಹೋಯಿತು. ಗಡಿಯಾರ ನೋಡೋ ಚಾಳಿ ಮಾತ್ರ ಹೋಗಲಿಲ್ಲ.

ಆಸ್ಪತ್ರೆಯ ಕಥೆಯೇ ಬೇರೆ. ಒಂದು ಬೆಳಿಗ್ಗೆ ಹೇಳ್ತೀನಿ ಕೇಳಿ. ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದ ಅಜ್ಜಿಯನ್ನು ಮಂಚದ ಅಂಚಿಗೆ ಕೂರಿಸಿ ನಿಲ್ಲಿಸಬೇಕಿತ್ತು. ನಾನು, ನರ್ಸ್, ಉಸಿರಾಟದ ಥೆರಪಿಸ್ಟ್ ಮೂವರೂ ಸೇರಿ ಪೈಪು ವೈರು ಬಿಡಿಸಿ ಸರಿ ಮಾಡುವಷ್ಟರಲ್ಲಿ 20 ನಿಮಿಷ, ಆಕೆ ನಿಂತದ್ದು ಒಂದೇ ನಿಮಿಷ. ಮುಂದಿನವರು ಡಯಾಲಿಸಿಸ್‌ಗೆ ಹೋಗಿದ್ದರು. ಇನ್ನೊಬ್ಬರಿಗೆ ರಾತ್ರಿ ಹಿಮೋಗ್ಲೋಬಿನ್ ಇಳಿದಿತ್ತು, ಚಾರ್ಟ್ ಓದಿ, ಡಾಕ್ಟರ್ ಹತ್ತಿರ ಮಾತಾಡಿ, ಇವತ್ತು ಬೇಡ ಅಂತ ಬಿಟ್ಟೆ. ಅದು ಸರಿಯಾದ ನಿರ್ಧಾರ, ಆದರೆ ಲೆಕ್ಕದಲ್ಲಿ ಸೊನ್ನೆ. ಆಮೇಲೆ ಮಂಡಿ ಆಪರೇಷನ್ ಆದವರೊಬ್ಬರು, ನಗುನಗುತ್ತಾ ನಡೆದರು, ಮೆಟ್ಟಿಲೂ ಹತ್ತಿದರು, ಆರಾಮಾಗಿ 2 ಯೂನಿಟ್. ದಿನವಿಡೀ ಬರೀ ಮಂಡಿಯವರನ್ನೇ ಆರಿಸಿಕೊಂಡರೆ ನನ್ನ ಪರ್ಸೆಂಟೇಜ್ ಮುಗಿಲು ಮುಟ್ಟುತ್ತದೆ, ಅಜ್ಜಿ ಮಲಗಿಯೇ ಇರುತ್ತಾರೆ.

ತಮಾಷೆ ಅಂದರೆ, 1983ರಿಂದಲೂ ಮೆಡಿಕೇರ್ ಒಳರೋಗಿಗೆ ಕಾಯಿಲೆ ನೋಡಿ ಒಂದು ಗೊತ್ತಾದ ಮೊತ್ತ ಕೊಡುತ್ತದೆ. ನಾನು 2 ಯೂನಿಟ್ ಮಾಡಿದರೂ 4 ಮಾಡಿದರೂ ಆಸ್ಪತ್ರೆಗೆ ಅದರಿಂದ ಒಂದು ಡಾಲರೂ ಜಾಸ್ತಿ ಬರಲ್ಲ. ಲಾಭ ಇರೋದು ಪೇಷಂಟ್ ಬೇಗ, ಸರಿಯಾದ ಜಾಗಕ್ಕೆ ಹೋಗುವುದರಲ್ಲಿ. ‘ನಿಮ್ಮ ತಂದೆ ಒಬ್ಬರೇ ಮೂರನೇ ಮಹಡಿಯಲ್ಲಿ ಇರೋಕಾಗಲ್ಲ’ ಅಂತ ಮಗಳಿಗೆ 10 ನಿಮಿಷ ಫೋನಿನಲ್ಲಿ ಹೇಳಿದ್ದು ಅದಕ್ಕೇ, ಆದರೆ ಆ ಫೋನಿಗೆ ಯೂನಿಟ್ ಇಲ್ಲ.

ಹಾಗಂತ ಅಳೆಯಲೇಬಾರದು ಅನ್ನಲ್ಲ. ಕಾಲಹರಣ ಮಾಡುವವರನ್ನೂ ನೋಡಿದ್ದೇನೆ. ಆದರೆ ಪೇಷಂಟ್ ಏನು ಮಾಡಬಲ್ಲರು ಅನ್ನೋದನ್ನೂ ಜೊತೆಗಿಟ್ಟು ನೋಡಿ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಪೇಷಂಟಿನ ಓಡಾಟಕ್ಕೆ ಮಾಡಿದ ಅಳತೆಯಲ್ಲಿ 1 ಅಂದರೆ ಹಾಸಿಗೆಯಲ್ಲೇ, 8 ಅಂದರೆ 250 ಅಡಿ ಅಥವಾ ಅದಕ್ಕಿಂತ ಹೆಚ್ಚು ನಡಿಗೆ. ಅಜ್ಜಿಯ ಆ ಒಂದು ನಿಮಿಷಕ್ಕೆ ಅಲ್ಲಿ 5 ಸಿಗುತ್ತದೆ.

ಇನ್ನು ಆಗುತ್ತಾ ಅನ್ನೋದು. ಇಂಟರ್‌ವ್ಯೂನಲ್ಲಿ ಎಷ್ಟು ಪರ್ಸೆಂಟ್ ಅಂತಷ್ಟೇ ಕೇಳಬೇಡಿ, ಚಾರ್ಟ್ ಓದಿದ ಸಮಯ ಸೇರುತ್ತಾ, ಪೇಷಂಟ್ ಒಲ್ಲೆ ಅಂದರೆ ಆ 15 ನಿಮಿಷ ಯಾರ ಖಾತೆಗೆ, ಅದನ್ನು ಕೇಳಿ. ಎಲ್ಲ ಸೇರುವ ಕಡೆ 80 ಕೂಡ ಆಗುತ್ತದೆ, ಏನೂ ಸೇರದ ಕಡೆ 70ಕ್ಕೇ ಸುಸ್ತು. ಪಂಚ್ ಔಟ್ ಮಾಡಿ, ಅಂದರೆ ಡ್ಯೂಟಿ ಮುಗಿಯಿತು ಅಂತ ದಾಖಲಿಸಿ, ಆಮೇಲೆ ನೋಟ್ಸ್ ಬರೀರಿ ಅನ್ನೋ ಕಡೆಗಂತೂ ಹೋಗಲೇಬೇಡಿ. ಮೊದಲ ವರ್ಷ ನಾನು ಹಾಗೇ ಬರೆದೆ. ನನ್ನ ಪರ್ಸೆಂಟೇಜ್ ಚೆನ್ನಾಗಿ ಕಾಣಿಸಿತು, ಮುಂದಿನ ತಿಂಗಳು ಟಾರ್ಗೆಟ್ ಏರಿಸಿದರು.